ಮುಂಬಯಿಯಲ್ಲಿ ಪೌಣೆ ಎರಡು ತಾಸು

ಗದುಗಿನ ಹಳೇ ಬಸ್ ನಿಲ್ದಾಣದ ಹತ್ತಿರದ ಒಂದು ಟ್ರಾವೆಲ್ಸ್ ಆಫೀಸಿನಲ್ಲಿ ನಾನು ವಿಮಾನದ ಟಿಕೆಟ್ ಮಾಡುತ್ತಿದ್ದೆ. ಹನ್ನೊಂದು ವರ್ಷ ಅದೇ ಕುರ್ಚಿ, ಅದೇ ಕಿಟಕಿ. ಯಾವ ಊರಿನಿಂದ ಯಾವ ಊರಿಗೆ ಎಷ್ಟು ಕಿಲೋಮೀಟರ್, ಎಷ್ಟು ತಾಸು, ಯಾವ ನಿಲ್ದಾಣದಲ್ಲಿ ಎಷ್ಟು ಟರ್ಮಿನಲ್ ಎನ್ನುವುದೆಲ್ಲ ನನಗೆ ಬಾಯಿಪಾಠವಾಗಿತ್ತು. ಆದರೆ ಆ ಹನ್ನೊಂದು ವರ್ಷದಲ್ಲಿ ನಾನು ಒಮ್ಮೆಯೂ ವಿಮಾನ ಹತ್ತಿರಲಿಲ್ಲ. ಅದು ಯಾರಿಗೂ ಒಂದು ಕೊರತೆಯಾಗಿ ಕಂಡಿರಲಿಲ್ಲ. ಅವನು ಬರುವ ತನಕ ನನಗೂ ಕಂಡಿರಲಿಲ್ಲ.

ಅವನು ಲಕ್ಷ್ಮೇಶ್ವರದವನು. ವಯಸ್ಸು ಮೂವತ್ತರ ಆಸುಪಾಸು. ಮೂರು ವರ್ಷ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಕೌಂಟರಿನ ಹಿಂದೆ ನಿಂತು ಪ್ರಯಾಣಿಕರಿಗೆ ಬೋರ್ಡಿಂಗ್ ಚೀಟಿ ಕೊಟ್ಟು, ಸಾಮಾನು ತೂಗಿ, ಸಿಬ್ಬಂದಿಗೆ ಸಿಗುವ ರಿಯಾಯಿತಿ ಟಿಕೆಟ್ಟಿನಲ್ಲಿ ತಾನೂ ಹಲವು ಸಲ ಹಾರಿ, ಊರ ಕಡೆಯೇ ಇರಬೇಕೆಂದು ಮರಳಿ ಬಂದಿದ್ದ. ನಮ್ಮ ಮಾಲಕರು ಅವನಿಗೆ ಬಾಗಿಲ ಪಕ್ಕದ ಟೇಬಲ್ ಕೊಟ್ಟರು. ಅದು ಬಂದವರು ಮೊದಲು ನೋಡುವ ಟೇಬಲ್.

ಒಂದು ತಿಂಗಳೊಳಗೆ ಜನರ ಕುರ್ಚಿಗಳು ಅವನ ಕಡೆ ತಿರುಗಿದವು. ಟಿಕೆಟ್ ನಾನು ಮಾಡಿಕೊಟ್ಟರೂ ಅವರು ಹೋಗುವಾಗ ಅವನ ಮುಂದೆ ಒಂದಿಷ್ಟು ಹೊತ್ತು ಕೂರುತ್ತಿದ್ದರು. ವಿಮಾನ ಏಳುವಾಗ ಕಿವಿ ಹೇಗೆ ಮುಚ್ಚಿಕೊಳ್ಳುತ್ತದೆ, ಬಾಯಲ್ಲಿ ಪೆಪರ್‌ಮಿಂಟ್ ಇಟ್ಟುಕೊಂಡರೆ ಹೇಗೆ ಬಿಡುತ್ತದೆ, ರೆಕ್ಕೆಯ ಮೇಲಿನ ಸೀಟು ಯಾಕೆ ಕಡಿಮೆ ಕುಲುಕುತ್ತದೆ ಎಂದು ಅವನು ಹೇಳುತ್ತಿದ್ದ. ಕೈಯನ್ನು ಸ್ವಲ್ಪ ಓರೆ ಮಾಡಿ ವಿಮಾನ ತಿರುಗುವುದನ್ನು ತೋರಿಸುತ್ತಿದ್ದ. ನಾನು ಪರದೆಯ ಕಡೆ ನೋಡುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದೆ. ಒಬ್ಬ ಗಿರಾಕಿ ನನ್ನ ಕಡೆ ತಿರುಗಿ, "ನೀವೂ ಅಡ್ಡಾಡಿರಬೇಕಲ್ಲರಿ ವಿಮಾನದಾಗ?" ಎಂದು ಸುಮ್ಮನೆ ಕೇಳಿದ. ಇಲ್ಲ ಎಂದೆ. ಆ ಗಿರಾಕಿ "ಹೌದಾ?" ಎಂದು ನಕ್ಕ ನಗು ಬಹಳ ದಿನ ನನ್ನ ಹೊಟ್ಟೆಯಲ್ಲಿ ಕುಳಿತಿತ್ತು.

ನಮ್ಮಿಬ್ಬರಿಗೂ ಮೊದಲು ಜಟಾಪಟಿಯಾದದ್ದು ಒಂದು ತಾಸಿನ ವಿಷಯಕ್ಕೆ. ಆಗ ಹುಬ್ಬಳ್ಳಿಯಿಂದ ಮುಂಬಯಿಗೆ ದಿನಕ್ಕೊಂದು ವಿಮಾನವಿತ್ತು. ಎರಡು ನಿಲ್ದಾಣದ ಹೆಸರು ಹಾಕಿದರೆ ನಡುವಿನ ದೂರ ಮತ್ತು ಹಾರುವ ಹೊತ್ತನ್ನು ತೋರಿಸುವ ಒಂದು ಜಾಲತಾಣ ಅವನಿಗೆ ಗೊತ್ತಿತ್ತು. ಭೂಪಟದ ಮೇಲೆ ಒಂದು ಗೆರೆ ಮೂಡುತ್ತಿತ್ತು, ಕೆಳಗೆ ಸುಮಾರು ನಾಲ್ಕುನೂರ ಎಪ್ಪತ್ತೈದು ಕಿಲೋಮೀಟರ್, ಒಂದು ತಾಸಿನ ಮೇಲೆ ಚೂರು. ಅವನು ಪರದೆಯನ್ನೇ ಗಿರಾಕಿಯ ಕಡೆ ತಿರುಗಿಸಿ, "ನೋಡ್ರಿ, ಒಂದ ತಾಸು. ಗದಗದಿಂದ ಮುಂಡರಗಿಗೆ ಬಸ್ಸಿನ್ಯಾಗ ಹೋದಂಗ" ಎನ್ನುತ್ತಿದ್ದ.

"ಅದು ಗೆರಿ ಎಳದ ಲೆಕ್ಕ" ಎಂದೆ ನಾನು. "ಬಾಗಿಲಾ ಹಾಕಿದಾಗಿಂದ ಬಾಗಿಲಾ ತೆಗೆಯೂತನಕ ಒಂದೂವರಿ ತಾಸು ಹಿಡೀತೈತಿ. ಮುಂಬೈ ಮ್ಯಾಲೆ ಇಳಿಯಾಕ ಜಾಗ ಸಿಗಲಿಲ್ಲಂದ್ರ ಸುತ್ತಬೇಕಾಕ್ಕೈತಿ. ಕಂಪನಿಯವರು ವೇಳಾಪಟ್ಟಿಯೊಳಗ ಅದನ್ನೂ ಹಿಡದಿರ್ತಾರ."

ಮಾಲಕರು ಚಹಾ ಕುಡಿಯುತ್ತಿದ್ದವರು ಕಪ್ಪು ಕೆಳಗಿಟ್ಟು, "ಅವ ಹಾರಿ ಬಂದಾನ ಬಾಯಿ. ನೀ ಪುಸ್ತಕಾ ನೋಡಿ ಹೇಳ್ತಿ" ಎಂದರು. ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಅವರ ಕೈಕೆಳಗೆ ನಾನು ಬಸ್ ಟಿಕೆಟ್ ಹರಿಯುವುದರಿಂದ ಶುರು ಮಾಡಿ ಮೇಲೆ ಬಂದವಳು. ಆದರೂ ಆ ದಿನ ಬೆಟಗೇರಿಯ ನಮ್ಮ ಮನೆಗೆ ನಡೆದುಕೊಂಡೇ ಹೋದೆ. ಆಟೋದಲ್ಲಿ ಯಾರ ಪಕ್ಕದಲ್ಲೂ ಕೂರುವ ಮನಸ್ಸಿರಲಿಲ್ಲ.

ಮಕ್ಕಾದ ಉಮ್ರಾ ಯಾತ್ರೆಗೆ ಹೋಗುವ ತಂಡದ ಕಡತ ಬಂದದ್ದು ಅದಾದ ಮೇಲೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೇರಿ ಮೂವತ್ತೊಂದು ಜನ. ಹಿಂದಿನ ತಂಡಗಳನ್ನೆಲ್ಲ ನಾನೇ ಕಳಿಸಿದ್ದೆ, ಎಲ್ಲವನ್ನೂ ರೈಲಿನಲ್ಲಿ ಮುಂಬಯಿ ಮುಟ್ಟಿಸಿ. ಈ ಸಲ ಮೊದಲ ಬಾರಿಗೆ ಹುಬ್ಬಳ್ಳಿಯಿಂದಲೇ ವಿಮಾನ ಹತ್ತಿಸುವುದೆಂದು ಮಾಲಕರು ಜನರಿಗೆ ಮಾತು ಕೊಟ್ಟಿದ್ದರು. ಕಡತವನ್ನು ನನ್ನ ಟೇಬಲ್ ದಾಟಿಸಿ ಬಾಗಿಲ ಪಕ್ಕದ ಟೇಬಲ್ ಮೇಲೆ ಇಟ್ಟರು. "ಈ ಸಲ ಅವ ಮಾಡ್ಲಿ" ಎಂದರು.

ಅವನು ಮಾಡಿದ ಯೋಜನೆ ಹೀಗಿತ್ತು: ಹುಬ್ಬಳ್ಳಿಯಿಂದ ಮಧ್ಯಾಹ್ನ ಒಂದು ಇಪ್ಪತ್ತಕ್ಕೆ ಹೊರಟು ಎರಡು ಐವತ್ತಕ್ಕೆ ಮುಂಬಯಿ, ಅಲ್ಲಿಂದ ಸಂಜೆ ಏಳಕ್ಕೆ ಬೇರೊಂದು ಕಂಪನಿಯ ವಿಮಾನದಲ್ಲಿ ಸೌದಿಯ ಜೆಡ್ಡಾ. ಜೆಡ್ಡಾದ ಕೌಂಟರ್ ಆರಕ್ಕೆ ಮುಚ್ಚುತ್ತದೆ. ನಡುವೆ ಮೂರು ತಾಸು ಚಿಲ್ಲರೆ. ಎರಡೂ ಬೇರೆ ಬೇರೆ ಟಿಕೆಟ್, ಹಾಗಾಗಿ ಸಾಮಾನು ತಾನಾಗಿ ಮುಂದಿನ ವಿಮಾನಕ್ಕೆ ಹೋಗುವುದಿಲ್ಲ. ಇಳಿದು, ಸಾಮಾನು ತೆಗೆದುಕೊಂಡು, ಬಸ್ಸು ಹತ್ತಿ ರಸ್ತೆಯ ಮೇಲೆ ಇನ್ನೊಂದು ಟರ್ಮಿನಲ್‌ಗೆ ಹೋಗಿ ಹೊಸದಾಗಿ ಸಾಲಿನಲ್ಲಿ ನಿಲ್ಲಬೇಕು. ಮೊದಲ ವಿಮಾನ ತಡವಾದರೆ ಎರಡನೆಯವರು ಕಾಯುವುದಿಲ್ಲ. ಅವನು ಕೆಲಸ ಮಾಡಿದ ಬೆಂಗಳೂರಿನಲ್ಲಿ ಆಗ ಇದ್ದದ್ದು ಒಂದೇ ಟರ್ಮಿನಲ್. ಬಿಗಿ ಯೋಜನೆ ಎಂದು ನನಗೆ ಅನಿಸಿತು, ಆದರೆ ನಡೆಯುವಂಥದ್ದೇ. ನಾನು ಏನೂ ಹೇಳಲಿಲ್ಲ. ನನ್ನನ್ನು ಯಾರೂ ಕೇಳಿರಲಿಲ್ಲ.

ಹೊರಡಲು ಹದಿನೇಳು ದಿನ ಉಳಿದಿದ್ದಾಗ ಒಂದು ಶುಕ್ರವಾರ ಮಧ್ಯಾಹ್ನ ಮಾಲಕರೂ ಅವನೂ ನಮಾಜಿಗೆ ಹೋಗಿದ್ದರು. ಆಫೀಸಿನಲ್ಲಿ ನಾನೊಬ್ಬಳೇ. ನಮಗೆಲ್ಲರಿಗೂ ಸೇರಿ ಒಂದೇ ಮೇಲ್ ಪೆಟ್ಟಿಗೆ. ಹೊಸ ಪತ್ರ ಬಂದರೆ ದಪ್ಪ ಅಕ್ಷರದಲ್ಲಿ ಕಾಣುತ್ತದೆ, ಯಾರಾದರೂ ತೆರೆದರೆ ತೆಳುವಾಗುತ್ತದೆ. ಹುಬ್ಬಳ್ಳಿ ವಿಮಾನದ ಕಂಪನಿಯಿಂದ ಒಂದು ಪತ್ರ ಬಂದಿತ್ತು. ತೆರೆದೆ. ವೇಳೆ ಬದಲಾಗಿದೆ, ತಂಡದ ಮೂವತ್ತೊಂದು ಟಿಕೆಟ್‌ಗೂ ಅನ್ವಯ, ಹೊರಡುವುದು ಎರಡು ನಲವತ್ತೈದು, ಮುಂಬಯಿ ಮುಟ್ಟುವುದು ನಾಲ್ಕು ಹದಿನೈದು.

ನಾಲ್ಕೂ ಕಾಲಿನಿಂದ ಆರಕ್ಕೆ ಪೌಣೆ ಎರಡು ತಾಸು. ನಾನು ಲೆಕ್ಕ ಹಾಕಲು ಹಾಳೆ ತೆಗೆಯಬೇಕಾಗಿರಲಿಲ್ಲ. ಸಾಮಾನು ಬರಲು ಅರ್ಧ ತಾಸು, ಬಸ್ಸಿಗೆ ಕಾದು ಟರ್ಮಿನಲ್ ಬದಲಿಸಲು ಮುಕ್ಕಾಲು ತಾಸು, ಬಾಗಿಲಲ್ಲಿ ಒಬ್ಬೊಬ್ಬರ ಪಾಸ್‌ಪೋರ್ಟ್ ತಪಾಸಣೆ, ಆಮೇಲೆ ಕೌಂಟರಿನ ಸಾಲು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅರವತ್ತು ದಾಟಿದವರು, ಐದು ಜನಕ್ಕೆ ಗಾಲಿಕುರ್ಚಿ ಬೇಕು. ವಿಮಾನ ತಪ್ಪುತ್ತದೆ. ತಪ್ಪಬಹುದು ಅಂತಲ್ಲ, ತಪ್ಪೇ ತಪ್ಪುತ್ತದೆ.

ಪತ್ರ ಮುಚ್ಚಿದೆ. ಅದರ ಅಕ್ಷರ ತೆಳುವಾಗಿ ಉಳಿದ ಪತ್ರಗಳ ಸಾಲಿನಲ್ಲಿ ಸೇರಿಹೋಯಿತು. ಓದಿಲ್ಲವೆಂದು ಮತ್ತೆ ದಪ್ಪ ಮಾಡಲು ಒಂದು ಗುಂಡಿ ಒತ್ತಿದರೆ ಸಾಕು. ನನಗೆ ಅದು ಗೊತ್ತಿತ್ತು. ಅವನಿಗೆ ಕಡತ ಕೊಟ್ಟಿದ್ದಾರೆ, ಅವನೇ ನೋಡಿಕೊಳ್ಳಲಿ ಎಂದು ನನಗೆ ನಾನೇ ಹೇಳಿಕೊಂಡೆ. ಅಷ್ಟೊತ್ತಿಗೆ ಅವರಿಬ್ಬರೂ ನಗುತ್ತ ಒಳಗೆ ಬಂದರು. ಅವನು ನನಗೂ ಒಂದು ಬಾಳೆಹಣ್ಣು ತಂದಿದ್ದ.

ಒಂಬತ್ತು ದಿನ ನಾನು ಬಾಯಿ ಬಿಡಲಿಲ್ಲ. ಅವನು ಹುಡುಕಿ ನೋಡುತ್ತಾನೇನೋ ಎಂದು ದಿನಾ ಕಾಯುತ್ತಿದ್ದೆ. ನೋಡದೇ ಇದ್ದಾಗ ಹಗುರವೆನಿಸುತ್ತಿತ್ತು, ಆ ಹಗುರವನ್ನು ಕಂಡು ಹೆದರಿಕೆಯೂ ಆಗುತ್ತಿತ್ತು. ಗೋಡೆಯ ಬಿಳಿ ಫಲಕದ ಮೇಲೆ ಅವನ ದುಂಡು ಅಕ್ಷರದಲ್ಲಿ "ಹುಬ್ಬಳ್ಳಿ 1.20" ಎಂದು ಇತ್ತು. ಮಾಲಕರು ಬಂದವರಿಗೆಲ್ಲ ಅದನ್ನು ತೋರಿಸಿ, "ನಮ್ಮ ಹೊಸಾ ಹುಡುಗ ಮಾಡಿದ್ದು" ಎನ್ನುತ್ತಿದ್ದರು. ಆ ಮಾತು ಬಂದಾಗಲೆಲ್ಲ ನನ್ನೊಳಗೆ ಒಂದು ಚಿತ್ರ ಏಳುತ್ತಿತ್ತು: ಮುಂಬಯಿಯ ಕೌಂಟರ್ ಮುಂದೆ ಅವನು ಬೆವರುತ್ತ ನಿಂತಿದ್ದಾನೆ, ಮಾಲಕರು ಫೋನ್ ಹಿಡಿದು ನನ್ನ ಕಡೆ ನೋಡುತ್ತಿದ್ದಾರೆ. ಆ ಚಿತ್ರದಲ್ಲಿ ಉಳಿದ ಮೂವತ್ತೊಂದು ಜನರ ಮುಖ ಇರುತ್ತಿರಲಿಲ್ಲ. ಇರದ ಹಾಗೆ ನಾನೇ ನೋಡಿಕೊಂಡಿದ್ದೆ.

ಮುಖ ಕಂಡದ್ದು ಲಕ್ಷ್ಮೇಶ್ವರದಲ್ಲಿ. ಭಾನುವಾರ ಒಂದು ಶಾದಿ ಮಹಲಿನಲ್ಲಿ ಯಾತ್ರಿಕರನ್ನೆಲ್ಲ ಕೂಡಿಸಿ ಪ್ರಯಾಣದ ವಿಷಯ ತಿಳಿಸಿಕೊಡುವುದಿತ್ತು. ಹೆಣ್ಣುಮಕ್ಕಳ ಅರ್ಜಿ ತುಂಬಲು ನನ್ನನ್ನೂ ಕರೆದುಕೊಂಡು ಹೋದರು. ಅವನು ಮುಂದೆ ನಿಂತು ಸೀಟಿನ ಪಟ್ಟಿ ಕಟ್ಟುವುದನ್ನು ತನ್ನ ನಡುಪಟ್ಟಿಯನ್ನೇ ಬಿಚ್ಚಿ ತೋರಿಸಿದ. ಎಲ್ಲರೂ ನಕ್ಕರು, ಎಲ್ಲರೂ ಕಲಿತರು. ನಾನು ಹಿಂದೆ ಚಾಪೆಯ ಮೇಲೆ ಕುಳಿತು ಪಾಸ್‌ಪೋರ್ಟ್ ನಂಬರ್ ಬರೆಯುತ್ತಿದ್ದೆ.

ಶಿರಹಟ್ಟಿಯ ಒಬ್ಬ ಮುದುಕಿ ನನ್ನ ಎದುರು ಕಾಲು ಚಾಚಿ ಕುಳಿತಳು. ಕೌದಿ ಹೊಲಿಯುವವಳು. ಹೆಬ್ಬೆರಳಿನ ತುದಿ ಸೂಜಿ ಚುಚ್ಚಿ ಚುಚ್ಚಿ ಕಲ್ಲಿನಂತೆ ಆಗಿತ್ತು, ಅರ್ಜಿಗೆ ಒತ್ತಿದ ಗುರುತೇ ಮೂಡಲಿಲ್ಲ. ಮೂರು ಸಲ ಒತ್ತಿಸಿದೆ.

"ಯವ್ವಾ, ಮುಂಬೈದಾಗ ಇಳದ ಮ್ಯಾಲೆ ಇನ್ನೊಂದು ಹತ್ತೂತನಕ ಎಷ್ಟ ಹೊತ್ತು ಕೊಡ್ತಾರ?" ಎಂದಳು. "ನನ್ನ ಮೊಣಕಾಲು ಕೂತ್ರ ಏಳಂಗಿಲ್ಲ, ಎದ್ರ ಕೂಡಂಗಿಲ್ಲ. ನನ್ನ ಸಲುವಾಗಿ ಮಂದಿ ತಡಾ ಆಗಬಾರದು ನೋಡು."

"ಮೂರು ತಾಸು ಇರ್ತೈತ್ರಿ. ಆರಾಮ ಹೋಗಬಹುದು" ಎಂದೆ.

"ಆತು ಹಂಗಾರ" ಎಂದು ಅವಳು ನಿಶ್ಚಿಂತಳಾಗಿ ಮೊಣಕಾಲು ಸವರಿಕೊಂಡಳು. "ಆ ಹುಡುಗನ್ನೂ ಕೇಳಿದ್ದೆ. ಅವನೂ ಹಂಗ ಅಂದ. ಆದ್ರ ನೀ ಭಾಳ ವರ್ಷದಾಕಿ ಅಂತ ಹೇಳಿದ್ರು, ಅದಕ್ಕ ನಿನ್ನ ಬಾಯಿಂದ ಕೇಳೋಣಂತ."

ಅಲ್ಲಿಯ ತನಕ ನಾನು ಸುಮ್ಮನಿದ್ದೆ, ಅಷ್ಟೇ ಎಂದು ತಿಳಿದಿದ್ದೆ. ಈಗ ಸುಳ್ಳು ಹೇಳಿದ್ದೆ. ಅವನು ಗೊತ್ತಿಲ್ಲದೆ ಹೇಳಿದ ಮಾತನ್ನೇ ನಾನು ಗೊತ್ತಿದ್ದು ಹೇಳಿದ್ದೆ. ಮುಂದಿನ ನಾಲ್ಕು ಅರ್ಜಿಗಳಲ್ಲಿ ಎರಡನ್ನು ತಪ್ಪು ಬರೆದು ಹರಿದು ಹಾಕಿದೆ.

ಮರಳಿ ಬರುವಾಗ ಗದುಗಿನ ಬಸ್ಸಿನಲ್ಲಿ ಅವನು ನನ್ನ ಮುಂದಿನ ಸೀಟಿನಲ್ಲಿದ್ದ. ಮಾಲಕರು ಲಕ್ಷ್ಮೇಶ್ವರದಲ್ಲೇ ಉಳಿದಿದ್ದರು. ಅರ್ಧ ದಾರಿ ಅವನ ಹೆಗಲನ್ನೇ ನೋಡುತ್ತ ಕುಳಿತೆ. ಕೊನೆಗೆ ಹೇಳಿದೆ. ಆದರೆ ನೇರವಾಗಿ ಹೇಳುವ ಧೈರ್ಯ ಬರಲಿಲ್ಲ.

"ತಮ್ಮಾ, ಹುಬ್ಬಳ್ಳಿ ವಿಮಾನದ ಹೊತ್ತು ಬದಲಾದಂಗ ಒಂದು ಮೇಲ್ ಬಂದಂಗಿತ್ತಪಾ. ನೋಡಿಯೇನು?"

ಅವನು ತಿರುಗಲಿಲ್ಲ. ಫೋನ್ ತೆಗೆದು ಹುಡುಕಿದ. ಬೆರಳು ಒಂದು ಕಡೆ ನಿಂತಿತು. ಬಹಳ ಹೊತ್ತು ಓದಿದ. ಪತ್ರದ ತಲೆಯ ಮೇಲೆ ದಿನ, ವೇಳೆ ಎಲ್ಲ ಇರುತ್ತದೆ. ಆಮೇಲೆ ಫೋನ್ ಜೇಬಿಗೆ ಇಟ್ಟು, "ನನ್ನ ಕಣ್ಣಿಗೆ ಬಿದ್ದಿಲ್ಲರಿ ಅಕ್ಕಾರ" ಎಂದ. 

ಸೋಮವಾರ ಬೆಳಿಗ್ಗೆ ಮಾಲಕರ ಮುಂದೆ ನಿಂತು ಅವನು ಅದನ್ನೇ ಹೇಳಿದ, "ಮೇಲ್ ಬಂದಿತ್ರಿ. ನಾ ನೋಡಲಿಲ್ಲ. ತಪ್ಪು ನನ್ನದು." ಮಾಲಕರ ಮುಖ ಬಿಗಿಯಿತು. ಅವರು ಅವನನ್ನು ಬೈದದ್ದು ಮೊದಲ ಸಲ. ನಾನು ಬಯಸಿದ್ದ ಗಳಿಗೆ ಅದೇ. ಬಂದಾಗ ಅದರಲ್ಲಿ ರುಚಿ ಇರಲಿಲ್ಲ. ಬಾಯಿ ತೆರೆಯಲು ಸಾಕಷ್ಟು ಹೊತ್ತಿತ್ತು, ನಾನು ತೆರೆಯಲಿಲ್ಲ.

ಏಳು ದಿನ ಉಳಿದಿತ್ತು. ಮೊದಲು ಜೆಡ್ಡಾ ಕಂಪನಿಗೆ ಫೋನ್ ಮಾಡಿದೆವು. ಮರುದಿನದ ವಿಮಾನದಲ್ಲಿ ಮೂವತ್ತೊಂದು ಜಾಗ ಇಲ್ಲ. ಇದ್ದಿದ್ದರೂ ಮಕ್ಕಾದಲ್ಲಿ ಕೋಣೆಗಳ ದಿನ ಹೊಂದುತ್ತಿರಲಿಲ್ಲ. ಆಮೇಲೆ ಹುಬ್ಬಳ್ಳಿ ಕಂಪನಿಯ ತಂಡದ ವಿಭಾಗಕ್ಕೆ. ವೇಳೆ ಬದಲಿಸಿದ್ದು ಅವರೇ ಆದ್ದರಿಂದ ಹಿಂದಿನ ದಿನದ ವಿಮಾನಕ್ಕೆ ಬದಲಿಸಿಕೊಡಲು ಒಪ್ಪಿದರು, ಆದರೆ ಅದರಲ್ಲಿ ಉಳಿದಿದ್ದು ಇಪ್ಪತ್ತು ಸೀಟು. ಬೆಂಗಳೂರಿನ ಮೇಲೆ ಹೋಗುವ ದಾರಿ ನೋಡಿದೆವು, ಗೋವಾದಿಂದ ನೋಡಿದೆವು. ಗೆರೆ ಎಳೆದರೆ ಎಲ್ಲವೂ ಹತ್ತಿರ. ನೆಲದ ಮೇಲಿನ ತಾಸುಗಳನ್ನು ಕೂಡಿಸಿದರೆ ಯಾವುದೂ ಕೂಡುವುದಿಲ್ಲ.

ಮಂಗಳವಾರ ಮಾಲಕರು ಎಲ್ಲರನ್ನೂ ರೈಲಿಗೆ ಹಾಕಿಬಿಡೋಣ ಎಂದರು. "ಮಾತು ತಪ್ಪಿದಂಗ ಆಕ್ಕೈತಿ, ಆಗ್ಲಿ."

"ಎಲ್ಲಾರೂ ಬ್ಯಾಡ್ರಿ" ಎಂದೆ. "ಇಪ್ಪತ್ತು ಸೀಟು ಅದಾವಲ್ಲ. ರಾತ್ರಿಪೂರ್ತಿ ರೈಲಿನ್ಯಾಗ ಕೂಡಾಕ ಆಗದವರನ್ನ ಹಿಂದಿನ ದಿನಾ ವಿಮಾನದಾಗ ಕಳಿಸೋಣು. ಗಟ್ಟಿ ಇದ್ದವರು ರೈಲಿಗೆ ಹೋಗ್ಲಿ. ಮುಂಬೈ ಮುಸಾಫಿರ್‌ಖಾನಿಯೊಳಗ ವಿಮಾನದವರು ರಾತ್ರಿ ಉಳೀಲಿ, ರೈಲಿನವರೂ ಅಲ್ಲೇ ಬಂದು ಕೂಡ್ತಾರ, ಮರುದಿನ ಮಧ್ಯಾಹ್ನ ಒಟ್ಟಿಗೆ ನಿಲ್ದಾಣಕ್ಕ. ಆವಾಗ ತಾಸಿನ ಚಿಂತಿ ಇಲ್ಲ."

ಮಾಲಕರು ಅವನ ಕಡೆ ನೋಡಿದರು. ಅವನು ಪರದೆಯಿಂದ ಕಣ್ಣು ತೆಗೆಯದೆ, "ಅಕ್ಕಾರ ಹೇಳೂದು ಬರೋಬ್ಬರಿ ಐತ್ರಿ" ಎಂದ.

ಪಟ್ಟಿ ಮಾಡಲು ನಾನು ಕುಳಿತೆ. ಅರ್ಜಿಯ ವಯಸ್ಸು ನೋಡಿ ಮಾಡಿದರೆ ತಪ್ಪಾಗುತ್ತದೆಂದು ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಮೆಟ್ಟಿಲು ಹತ್ತುತ್ತೀರಾ, ರಾತ್ರಿ ಎಷ್ಟು ಸಲ ಏಳುತ್ತೀರಿ, ಸಕ್ಕರೆ ಕಾಯಿಲೆ ಇದೆಯಾ, ಮೇಲಿನ ಬರ್ತ್ ಹತ್ತಲಾಗುತ್ತದೆಯಾ. ಎಪ್ಪತ್ತೆರಡರ ಒಬ್ಬ ರೈತರು ರೈಲೇ ಬೇಕೆಂದರು. ನಲವತ್ತೈದರ ಒಬ್ಬಳಿಗೆ ಬೆನ್ನಿಗೆ ಪಟ್ಟಿ ಕಟ್ಟಿದ್ದರು. ಎರಡು ದಿನದಲ್ಲಿ ಹತ್ತೊಂಬತ್ತು ಹೆಸರು ವಿಮಾನಕ್ಕೆ, ಹನ್ನೆರಡು ರೈಲಿಗೆ ಬಂದವು. ಮುಂಡರಗಿಯ ಬಟ್ಟೆ ವ್ಯಾಪಾರಿಯೊಬ್ಬರು ಮಾತ್ರ, "ಊರ ಮಂದಿಗೆಲ್ಲ ಹುಬ್ಬಳ್ಳಿಯಿಂದ ಹಾರ್ತೀನಿ ಅಂತ ಹೇಳೀನಿ, ರೈಲು ಹತ್ತಂಗಿಲ್ಲ" ಎಂದು ಫೋನ್ ಇಟ್ಟರು. ಅವನು ಬಸ್ಸು ಹತ್ತಿ ಮುಂಡರಗಿಗೆ ಹೋದ. ಅವರ ಅಂಗಡಿಯಲ್ಲಿ ಅರ್ಧ ದಿನ ಕುಳಿತು, ಅವರ ಸೀಟು ಯಾರಿಗೆ ಹೋಗುತ್ತದೆಂದು ಆ ಬೆನ್ನು ನೋವಿನ ಹೆಂಗಸಿನ ವಿಷಯ ಹೇಳಿ ಒಪ್ಪಿಸಿ ಬಂದ. ನಾನು ಹೋಗಿದ್ದರೆ ನಿಯಮ ಹೇಳಿ ಜಗಳ ಮಾಡಿ ಬರುತ್ತಿದ್ದೆ. ಅದು ನನಗೆ ಗೊತ್ತಿದ್ದದ್ದರಿಂದಲೇ ಇನ್ನಷ್ಟು ಉರಿಯಿತು.

ಆ ದಿನಗಳಲ್ಲಿ ಅವನು ನನ್ನೊಡನೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಗದ್ದಲದಲ್ಲಿ ಹಾಗಾಗಿದೆ ಎಂದುಕೊಂಡೆ.

ಎರಡೂ ಕಡೆ ಒಬ್ಬೊಬ್ಬರು ಜೊತೆಗೆ ಹೋಗಬೇಕಿತ್ತು. ವಿಮಾನದಲ್ಲಿ ಇಪ್ಪತ್ತನೆಯ ಸೀಟು ಇತ್ತು. ಮಾಲಕರು, "ನೀ ವಿಮಾನದ ಕೂಡ ಹೋಗು, ನಿನಗ ರೂಢಿ ಐತಿ" ಎಂದು ಅವನಿಗೆ ಹೇಳಿ ನನ್ನ ಕಡೆ ತಿರುಗಿದರು, "ಬಾಯಿ, ನೀ ರೈಲಿಗೆ."

"ವಿಮಾನಕ್ಕ ಅಕ್ಕಾರ ಹೋಗ್ಲಿರಿ" ಎಂದ ಅವನು. "ಮುಂಬೈ ಟರ್ಮಿನಲ್ ನಾ ನೋಡಿಲ್ಲ. ಅವರಿಗೆ ಎಲ್ಲಾ ಬಾಯಿಪಾಠ ಐತಿ. ಮತ್ತ ವಯಸ್ಸಾದ ಹೆಣ್ಣಮಕ್ಕಳೇ ಹೆಚ್ಚದಾರ."

ಬೇಡ ಎನ್ನಬೇಕಿತ್ತು. ಎನ್ನಲಿಲ್ಲ. ಪಟ್ಟಿಯಲ್ಲಿ ಇಪ್ಪತ್ತನೆಯ ಸೀಟಿನ ಮುಂದೆ ನನ್ನ ಹೆಸರು ಬರೆದೆ.

ಹುಬ್ಬಳ್ಳಿ ನಿಲ್ದಾಣದಲ್ಲಿ ಮೊದಲ ತೊಡಕು ಕೌದಿಯ ಮುದುಕಿಯಿಂದ. ಅವಳ ಕೈಚೀಲದಲ್ಲಿ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಇತ್ತು. ತಪಾಸಣೆಯವರು ತಡೆದರು. "ಅದನ್ನ ಬಿಟ್ಟು ಹೋಗಂಗಿಲ್ಲ, ನಮ್ಮವ್ವಂದು" ಎಂದು ಅವಳು ಅಲ್ಲೇ ನಿಂತುಬಿಟ್ಟಳು. ಅವಳ ದೊಡ್ಡ ಚೀಲ ಆಗಲೇ ಒಳಗೆ ಹೋಗಿತ್ತು. ನಾನು ಕತ್ತರಿ ಹಿಡಿದು ಕೌಂಟರಿಗೆ ಓಡಿ, ಇನ್ನೂ ತೂಗದ ನನ್ನದೇ ಚೀಲದಲ್ಲಿ ಸೀರೆಯ ಮಡಿಕೆಯೊಳಗೆ ಇಟ್ಟು ಕಳಿಸಿದೆ. ಹಾಳೆಯ ಮೇಲೆ ಯೋಜನೆ ಮಾಡುವಾಗ ಇಂಥ ಕತ್ತರಿಗೆ ಯಾರೂ ಹನ್ನೆರಡು ನಿಮಿಷ ಇಟ್ಟಿರುವುದಿಲ್ಲ.

ವಿಮಾನ ಹತ್ತಿದೆ. ಬಾಗಿಲು ಮುಚ್ಚಿದ್ದಕ್ಕೆ ಗಡಿಯಾರ ನೋಡಿದೆ, ಚಕ್ರ ನೆಲ ಬಿಟ್ಟದ್ದಕ್ಕೆ ನೋಡಿದೆ. ಆಮೇಲೆ ನೋಡುವುದನ್ನು ಮರೆತೆ. ಎದೆ ಸೀಟಿಗೆ ಒತ್ತಿತು, ಹೊಲಗಳು ಓರೆಯಾದವು, ಅವನು ಕೈಯಲ್ಲಿ ತೋರಿಸುತ್ತಿದ್ದ ಹಾಗೆಯೇ. ಪಕ್ಕದಲ್ಲಿ ಮುದುಕಿ ಕಣ್ಣು ಮುಚ್ಚಿ ದುವಾ ಮಾಡುತ್ತಿದ್ದಳು. ಮುಗಿಸಿ, "ಆ ಹುಡುಗನ ಸಲುವಾಗಿನೂ ಕೇಳೀನಿ" ಎಂದಳು. "ಪಾಪ, ತನ್ನ ಸೀಟು ಬಿಟ್ಟು ರೈಲಿಗೆ ಹೋದ."

ನೆಲದಿಂದ ಅಷ್ಟು ಎತ್ತರದಲ್ಲಿಯೂ ನನಗೆ ಚುರುಕ್ಕೆಂದಿತು. ಮೋಡ ಬಿಳಿಯಾಗಿ ಹರಡಿತ್ತು. ಇದನ್ನು ಅವನು ಎಷ್ಟೋ ಸಲ ನೋಡಿದ್ದಾನೆ. ಮತ್ತೊಂದು ಸಲ ನೋಡುವುದನ್ನು ನನಗೆ ಕೊಟ್ಟು, ಅದರ ಪುಣ್ಯವನ್ನೂ ತಾನೇ ಪಡೆದಿದ್ದಾನೆ ಎನಿಸಿತು. ಮುಂಬಯಿಯಲ್ಲಿ ಬಾಗಿಲು ತೆರೆದಾಗ ಒಂದು ತಾಸು ಇಪ್ಪತ್ತೇಳು ನಿಮಿಷವಾಗಿತ್ತು. ನನ್ನ ಲೆಕ್ಕ ಸರಿಯಾಗಿತ್ತು. ಹೇಳಿಕೊಳ್ಳಲು ಯಾರೂ ಇರಲಿಲ್ಲ.

ರೈಲಿನವರು ಮರುದಿನ ಬೆಳಿಗ್ಗೆ ಮುಸಾಫಿರ್‌ಖಾನೆಗೆ ಬಂದು ಸೇರಿದರು. ಮುಂಡರಗಿಯ ಬಟ್ಟೆ ವ್ಯಾಪಾರಿಯವರು ಅವನ ಹೆಗಲ ಮೇಲೆ ಕೈ ಹಾಕಿಕೊಂಡೇ ಇಳಿದರು. ಮಧ್ಯಾಹ್ನ ಎರಡೂವರೆಗೆ ಮೂವತ್ತೊಂದು ಜನವನ್ನೂ ಅಂತರರಾಷ್ಟ್ರೀಯ ಟರ್ಮಿನಲ್ ಬಾಗಿಲಿಗೆ ತಂದೆವು. ಒಳಗೆ ಹೋಗಲು ನಮಗೆ ಟಿಕೆಟ್ ಇರಲಿಲ್ಲ. ಗಾಜಿನ ಹೊರಗೆ ನಿಂತು ಫೋನಿನಲ್ಲೇ ನಡೆಸಬೇಕು. ಐದಾರು ಜನರಂತೆ ಗುಂಪು ಮಾಡಿದ್ದೆ, ಗುಂಪಿಗೊಬ್ಬರು ಮುಂದಾಳು, ಪ್ರತಿ ಗುಂಪಿನಲ್ಲಿ ಒಬ್ಬ ಓದು ಬಲ್ಲವರು. ಅವನು ಒಂದು ಕಿವಿಯಲ್ಲಿ ಫೋನ್ ಹಿಡಿದು ಯಾವ ಹಾಳೆ ಯಾವಾಗ ಕೊಡಬೇಕೆಂದು ಹೇಳುತ್ತಿದ್ದ, ಕೌಂಟರಿನ ಆಚೆಯವರು ಮುಂದೆ ಏನು ಕೇಳುತ್ತಾರೆಂದು ಅವನಿಗೆ ಮೊದಲೇ ಗೊತ್ತಿತ್ತು. ನಾನು ಪಟ್ಟಿಯಲ್ಲಿ ಗುರುತು ಹಾಕುತ್ತಿದ್ದೆ. ಒಬ್ಬರ ವೀಸಾದಲ್ಲಿ ಹೆಸರಿನ ಒಂದಕ್ಷರ ತಪ್ಪಾಗಿ ಮುಕ್ಕಾಲು ತಾಸು ಹೋಯಿತು. ಕೊನೆಯವರ ಕೈಗೆ ಬೋರ್ಡಿಂಗ್ ಚೀಟಿ ಬಂದಾಗ ಐದು ಹತ್ತು. ಕೌಂಟರಿನ ಕೆಲಸಕ್ಕೇ ಎರಡು ತಾಸು ನಲವತ್ತು ನಿಮಿಷ ಹಿಡಿದಿತ್ತು.

ಅವನು ಫೋನ್ ತಿರುಗಿಸಿ ನನಗೆ ತೋರಿಸಿದ. ಆ ದಿನದ ಹುಬ್ಬಳ್ಳಿ ವಿಮಾನ ಇನ್ನೂ ತಡವಾಗಿ, ನಾಲ್ಕು ಮೂವತ್ತೆಂಟಕ್ಕೆ ಇಳಿದಿತ್ತು. 

ಹೊರಗಿನ ಕಟ್ಟೆಯ ಮೇಲೆ ಕುಳಿತೆವು. ಅವನ ಕಣ್ಣು ರೈಲಿನ ನಿದ್ದೆಗೇಡಿನಿಂದ ಕೆಂಪಾಗಿತ್ತು. ನಾನು ಹೇಳಿದೆ, "ಆ ಮೇಲ್ ಮೊದಲ ತೆರದಾಕಿ ನಾನು. ಬಂದ ದಿನಾನ. ಬೇಕಂತನ ಹೇಳಲಿಲ್ಲ."

"ಗೊತ್ತೈತ್ರಿ."

"ಯಾವಾಗಿಂದ?"

"ಬಸ್ಸಿನ್ಯಾಗ. ಶುಕ್ರವಾರ ಒಂದೂವರಿಗೆ ಬಂದಿತ್ತು. ಆವಾಗ ಆಫೀಸಿನ್ಯಾಗ ನೀವೊಬ್ಬರ ಇರ್ತೀರಿ." ಅವನು ರಸ್ತೆಯ ಕಡೆ ನೋಡುತ್ತ ಹೇಳಿದ. "ಭಾಳ ಸಿಟ್ಟು ಬಂದಿತ್ರಿ. ಈಗೂ ಐತಿ."

"ಹಂಗಾರ ಮಾಲಕರ ಮುಂದ ಯಾಕ ನಿನ್ನ ತಪ್ಪು ಅಂದಿ? ನನ್ನ ಯಾಕ ವಿಮಾನಕ್ಕ ಕಳಿಸಿದಿ?"

"ಮೇಲ್ ನೋಡೂದು ನನ್ನ ಕೆಲಸ ಇತ್ತು. ಕಡತ ನನ್ನದು. ದಿನಾ ಹುಡುಕಿ ನೋಡಬೇಕಿತ್ತು, ನೋಡಲಿಲ್ಲ. ಅದು ಖರೆ." ಕೆಂಪಾದ ಕಣ್ಣು ಉಜ್ಜಿಕೊಂಡ. "ಮುದುಕರ ಕೂಡ ಇಲ್ಲಿ ಇಳಿಯಾಕ ಹಾದಿ ಗೊತ್ತಿದ್ದವರು ಬೇಕಿತ್ತು. ಅದಕ್ಕ ಕಳಿಸಿದೆ. ನಿಮ್ಮ ಸಲುವಾಗಿ ಅಲ್ಲರಿ ಅಕ್ಕಾರ."

ಕ್ಷಮಿಸಿದ್ದೇನೆ ಎಂದಿದ್ದರೆ ನನಗೆ ಹಗುರವಾಗುತ್ತಿತ್ತು. ಅವನು ಅದನ್ನು ಹೇಳಲಿಲ್ಲ. ಹೇಳಬೇಕಾದ್ದೂ ಇರಲಿಲ್ಲ. ಅವನ ಮೇಲಿನ ಹೊಟ್ಟೆಕಿಚ್ಚು ಆ ಕಟ್ಟೆಯ ಮೇಲೆಯೂ ಆರಲಿಲ್ಲ, ಕಾರಣ ಮಾತ್ರ ಬದಲಾಯಿತು. ಅಲ್ಲಿಯ ತನಕ ಅವನು ಹಾರಿದ್ದಾನೆಂದು ಉರಿಯುತ್ತಿದ್ದೆ. ಸಿಟ್ಟನ್ನು ಹೊಟ್ಟೆಯಲ್ಲಿ ಇಟ್ಟುಕೊಂಡೇ ಸರಿಯಾದ ಕೆಲಸ ಮಾಡಲು ಅವನಿಗೆ ಬರುತ್ತಿತ್ತು, ನನಗೆ ಬಂದಿರಲಿಲ್ಲ.

ಗದುಗಿಗೆ ಒಂದೇ ರೈಲಿನಲ್ಲಿ ಬಂದೆವು. ಊಟದ ಪೊಟ್ಟಣ ಹಂಚಿಕೊಂಡೆವು.

ಊರಿಗೆ ಮರಳಿದ ಮೇಲೆ ಮೊದಲ ಕೆಲಸದ ದಿನ, ಅವನು ಬರುವ ಮುಂಚೆ, ಮಾಲಕರ ಟೇಬಲ್ ಮುಂದೆ ಹೋಗಿ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಶುಕ್ರವಾರ, ಒಂಬತ್ತು ದಿನ, ಲಕ್ಷ್ಮೇಶ್ವರದಲ್ಲಿ ಆಡಿದ ಸುಳ್ಳು, ಎಲ್ಲ. ಅವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು ಕೇಳಿದರು.

"ಅವಗ ಗೊತ್ತೈತೇನು?"

"ಗೊತ್ತೈತ್ರಿ. ಮೊದಲಿಂದ."

ಅವರು ಬಹಳ ಹೊತ್ತು ಬಾಗಿಲ ಪಕ್ಕದ ಖಾಲಿ ಕುರ್ಚಿ ನೋಡಿದರು. ಕೆಲಸ ಬಿಡು ಎನ್ನುತ್ತಾರೆಂದು ನಾನು ತಯಾರಾಗಿದ್ದೆ.

"ರಮಜಾನ್ ಮುಂದ ಇನ್ನೊಂದು ತಂಡ ಐತಿ" ಎಂದರು ಕೊನೆಗೆ. "ಅದೂ ಅವನ ಹೆಸರಿಲೇ ಇರ್ತೈತಿ. ತಾಸಿನ ಲೆಕ್ಕ ನೀ ಮಾಡಿ ಅವನ ಕೈಯಾಗ ಕೊಡಬೇಕು. ಅವ ನೋಡಿ ಸರಿ ಅಂದ ಮ್ಯಾಲೆ ಮುಂದಿಂದು. ಆಕ್ಕೈತೇನು ನಿನ್ನ ಕಡಿಂದ?"

ಅಷ್ಟರಲ್ಲಿ ಅವನು ಬಂದು, ಸ್ಕೂಟರ್ ನಿಲ್ಲಿಸಿ, ಒಳಗೆ ಕಾಲಿಟ್ಟು, ನನ್ನನ್ನೂ ಮಾಲಕರನ್ನೂ ನೋಡಿ ಬಾಗಿಲಲ್ಲೇ ನಿಂತ.

"ಆಕ್ಕೈತ್ರಿ" ಎಂದೆ. ಅವನಿಗೂ ಕೇಳಿಸುವ ಹಾಗೆ ಹೇಳಿದೆ.